ಲಯ ತಪ್ಪಿದ ಕಾರ್ಟಿಸಾಲ್ ಕಾರಣವೋ, ಪರಿಣಾಮವೋ?

ಸಂಜೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿಯದಿರುವುದೇ ಮರೆವಿನ ಕಾಯಿಲೆಯಾದ ಆಲ್ಝೈಮರ್ಸ್‌ಗೆ ಮೂಲ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಆ ಮಾತನ್ನು ನಾನು ಒಪ್ಪಲಾರೆ. ಎದ್ದ 30–45 ನಿಮಿಷಕ್ಕೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತಾ ನಡುರಾತ್ರಿಯ ಆಸುಪಾಸಿಗೆ ತಳ ಸೇರುವ ಹಾರ್ಮೋನು ಇದು. ಅದಕ್ಕೆ 'ಸಾಕು' ಎಂದು ಕಡಿವಾಣ ಹಾಕುವುದರಲ್ಲಿ ಮಿದುಳಿನ ನೆನಪಿನ ಭಾಗವಾದ ಹಿಪೊಕ್ಯಾಂಪಸ್‌ಗೂ ಪಾಲಿದೆ. ಈ ಕಾಯಿಲೆ ಮೊದಮೊದಲು ಹಾಳುಗೆಡಹುವ ಜಾಗಗಳಲ್ಲಿ ಅದೂ ಒಂದು. ಹಗಲು-ರಾತ್ರಿಯ ಲಯ ಕಾಯುವ ಮಿದುಳಿನ ಗಡಿಯಾರದ ನರಕೋಶಗಳೂ ಸವೆಯುತ್ತವೆ. ಹಾಗಿರುವಾಗ ಲಯ ತಪ್ಪುವುದು ಕಾಯಿಲೆಯ ಪರಿಣಾಮವೂ ಆಗಿರಬಹುದಲ್ಲವೇ? ಏರಿದ ಕಾರ್ಟಿಸಾಲ್ ತಿರುಗಿ ಹಿಪೊಕ್ಯಾಂಪಸ್‌ಗೇ ಪೆಟ್ಟು ಕೊಡಬಲ್ಲದು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅದು ಸುತ್ತು, ನೇರ ಗೆರೆಯಲ್ಲ.

ಇದೇ ಕಾಯಿಲೆಯ ಅಮ್ಮನನ್ನು 6 ವರ್ಷ ನೋಡಿಕೊಂಡವಳು ನಾನು. ಹೊತ್ತು ಇಳಿಯುತ್ತಿದ್ದಂತೆ ಚಡಪಡಿಕೆ, 'ಮನೆಗೆ ಹೋಗೋಣ' ಎಂಬ ಹಟ, ಅದೂ ಮನೆಯೊಳಗೇ ನಿಂತು. ಬೆಳಗ್ಗೆ ಒಮ್ಮೆ ರಕ್ತ ತೆಗೆದು ಕಾರ್ಟಿಸಾಲ್ ನಾರ್ಮಲ್ ಎಂದುಬಿಟ್ಟರು. ಒಂದೇ ಹೊತ್ತಿನ ಅಳತೆಯಲ್ಲಿ ಇಡೀ ದಿನದ ಇಳಿಜಾರು ಕಂಡೀತೇ? ಹಲವು ಹೊತ್ತಿನಲ್ಲಿ ಜೊಲ್ಲಿನ ಮಾದರಿ ತೆಗೆಯುವುದೇ ಮೇಲು. ಅದರಲ್ಲೂ ಒಂದು ತೊಡಕಿದೆ, ಲೇಖನ ಅದನ್ನು ಮುಟ್ಟಿಯೇ ಇಲ್ಲ: ಬೆಳಗಿನ ಮಾದರಿಯನ್ನು ಎದ್ದ ಹೊತ್ತಿನಿಂದ ಎಣಿಸಬೇಕು. ರಾತ್ರಿಯೆಲ್ಲ ಎಚ್ಚರವಿದ್ದು ಹಗಲೆಲ್ಲ ತೂಕಡಿಸುವವರಿಗೆ ಆ ಹೊತ್ತು ಯಾವುದು?