‘ಮತ್ತು’ ತಂದ ಆಪತ್ತು

ನಮ್ಮ ಕಚೇರಿಯಲ್ಲಿ ಮುಂದಿನ ವರ್ಷದ ಬಜೆಟ್ ತಯಾರಿಸಲು ಬಳಸುವ ಪ್ಲಾನಿಂಗ್ ಸಾಫ್ಟ್‌ವೇರಿನಲ್ಲಿ, ಬೇಕಾದ ಸಾಲುಗಳನ್ನಷ್ಟೇ ಉಳಿಸಿಕೊಂಡು ಬೇಡದವನ್ನು ಮರೆಮಾಡಲು ಫಾರ್ಮುಲಾ ಬರೆಯಬೇಕಾಗುತ್ತದೆ. ಆ ಫಾರ್ಮುಲಾ ಒಂದೊಂದೇ ಸಾಲನ್ನು ಎದುರಿಗೆ ನಿಲ್ಲಿಸಿಕೊಂಡು ವಿಚಾರಣೆ ನಡೆಸುತ್ತದೆ. ಉತ್ತರ ‘ಟ್ರೂ’ ಎಂದಾದರೆ ಸಾಲು ಪರದೆಯ ಮೇಲೆ ಉಳಿಯುತ್ತದೆ, ‘ಫಾಲ್ಸ್’ ಎಂದಾದರೆ ಕಣ್ಮರೆಯಾಗುತ್ತದೆ. ಇಷ್ಟು ಸರಳವಾದ ಕೆಲಸದಲ್ಲಿ ನಾನು ಒಂದೇ ವಾರದಲ್ಲಿ ಮೂರು ಬಾರಿ ಮುಖಭಂಗ ಅನುಭವಿಸಿದ್ದಕ್ಕೆ ‘ಮತ್ತು’ ಎಂಬ ಪದವೇ ಹೊಣೆಯೆಂದು ಈಗಲೂ ವಾದಿಸುತ್ತೇನೆ.

ಮೊದಲ ದಿನ ಮೇಲಧಿಕಾರಿಗಳು, “ಉತ್ತರ ಮತ್ತು ದಕ್ಷಿಣ ವಲಯಗಳ ವೆಚ್ಚವನ್ನು ಮಾತ್ರ ತೋರಿಸಿ” ಎಂದರು. ವಿಧೇಯನಾದ ನಾನು, ವಲಯವು ಉತ್ತರವಾಗಿರಬೇಕು ‘ಆಂಡ್’ ದಕ್ಷಿಣವಾಗಿರಬೇಕು ಎಂದು ಫಾರ್ಮುಲಾ ಬರೆದೆ. ಪರದೆ ಒರೆಸಿದ ಹಲಗೆಯಂತಾಯಿತು. ಲಾಗೌಟ್ ಆಗಿ ಮತ್ತೆ ಒಳಬಂದೆ, ನೆಟ್‌ವರ್ಕನ್ನು ಶಪಿಸಿದೆ, ತಪ್ಪೇ ಮಾಡದ ಮೌಸನ್ನು ಎರಡು ಬಾರಿ ಕುಟ್ಟಿದೆ. ಒಂದೇ ಸಾಲು ಏಕಕಾಲಕ್ಕೆ ಎರಡೂ ವಲಯಗಳಲ್ಲಿ ಇರಲಾರದೆಂಬುದು ಹೊಳೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನಾವು ‘ಮತ್ತು’ ಎನ್ನುವಾಗ ಎರಡು ಗುಂಪುಗಳನ್ನು ಕೂಡಿಸುತ್ತೇವೆ. ಫಾರ್ಮುಲಾದ ‘ಆಂಡ್’ ಆದರೋ ಒಂದೇ ಬಡಪಾಯಿ ಸಾಲಿನ ಮೇಲೆ ಎರಡು ಷರತ್ತುಗಳನ್ನು ಹೇರುತ್ತದೆ. ಮೇಲಧಿಕಾರಿಗಳ ‘ಮತ್ತು’ ಎಂದರೆ ಯಂತ್ರದ ‘ಆರ್’, ಅಂದರೆ ‘ಅಥವಾ’.

‘ಆರ್’ ಹಾಕಿದೊಡನೆ ಸಾಲುಗಳು ಬಂದವು. ಆದರೆ ವೆಚ್ಚ ಸೊನ್ನೆಯಿರುವ ಸಾಲುಗಳೂ ಬಂದಿದ್ದರಿಂದ, ಅವನ್ನು ತೆಗೆಯಿರಿ ಎಂಬ ಆಜ್ಞೆಯಾಯಿತು. ಫಾರ್ಮುಲಾದ ಬಾಲಕ್ಕೆ ‘ಆಂಡ್ ವೆಚ್ಚ ಸೊನ್ನೆಗಿಂತ ಹೆಚ್ಚು’ ಎಂದು ಅಂಟಿಸಿದೆ. ದಕ್ಷಿಣದ ಸೊನ್ನೆಗಳು ಮಾಯವಾದವು, ಉತ್ತರದವು ಕದಲಲಿಲ್ಲ. “ಉತ್ತರ ವಲಯದವರ ಮೇಲೆ ನಿಮಗೇನು ಅಷ್ಟು ಮಮತೆ?” ಎಂದು ಮೇಲಧಿಕಾರಿಗಳು ಸಭೆಯಲ್ಲೇ ಕೇಳಿದರು. ಲೆಕ್ಕದಲ್ಲಿ ಕೂಡುವುದಕ್ಕಿಂತ ಮೊದಲು ಗುಣಿಸುವಂತೆ, ಇಲ್ಲಿ ‘ಆರ್’ಗಿಂತ ಮೊದಲು ‘ಆಂಡ್’ ತನ್ನ ಪಕ್ಕದವರನ್ನು ಬಾಚಿಕೊಳ್ಳುತ್ತದೆ. ಎರಡು ವಲಯಗಳನ್ನೂ ಆವರಣ ಚಿಹ್ನೆಯೊಳಗೆ ಕೂರಿಸದಿದ್ದರೆ ಸೊನ್ನೆಯ ಷರತ್ತು ದಕ್ಷಿಣಕ್ಕಷ್ಟೇ ತಗಲುತ್ತದೆ. ಶಾಲೆಯಲ್ಲಿ ಆವರಣ ಮರೆತಾಗ ಒಂದು ಅಂಕ ಮಾತ್ರ ಹೋಗುತ್ತಿತ್ತು.

ಮೂರನೆಯ ಬಾರಿ ನಾನು ಅನುಭವಸ್ಥನಾಗಿದ್ದೆ. “ಉತ್ತರ ಮತ್ತು ದಕ್ಷಿಣ ಬಿಟ್ಟು ಉಳಿದ ವಲಯಗಳನ್ನು ಕೊಡಿ” ಎಂದಾಗ ಒಳಗೊಳಗೇ ನಕ್ಕು, ವಲಯವು ಉತ್ತರವಲ್ಲ ‘ಆರ್’ ದಕ್ಷಿಣವಲ್ಲ ಎಂದು ಬರೆದೆ. ಬಿಡಬೇಕಾಗಿದ್ದ ಎರಡೂ ವಲಯಗಳ ಸಮೇತ ಇಡೀ ಸಂಸ್ಥೆಯೇ ಪರದೆಯ ಮೇಲೆ ಪ್ರತ್ಯಕ್ಷವಾಯಿತು. ಉತ್ತರದ ಸಾಲು ದಕ್ಷಿಣವಲ್ಲವಾದ್ದರಿಂದಲೂ ದಕ್ಷಿಣದ ಸಾಲು ಉತ್ತರವಲ್ಲವಾದ್ದರಿಂದಲೂ ಫಾರ್ಮುಲಾ ಇಬ್ಬರಿಗೂ ‘ಟ್ರೂ’ ಎಂದು ಮುದ್ರೆಯೊತ್ತಿತ್ತು. ‘ಅಲ್ಲ’ ಬಂದಾಗ ‘ಅಥವಾ’ ಮಗುಚಿಕೊಂಡು ‘ಮತ್ತು’ ಆಗಬೇಕೆಂಬ ನಿಯಮಕ್ಕೆ 19ನೇ ಶತಮಾನದ ಗಣಿತಜ್ಞ ಆಗಸ್ಟಸ್ ಡಿ ಮಾರ್ಗನ್ ಅವರ ಹೆಸರಿದೆ. ಅವರ ಸಮಕಾಲೀನರಾದ ಜಾರ್ಜ್ ಬೂಲ್ 1854ರಲ್ಲಿ ತರ್ಕವನ್ನೇ ಬೀಜಗಣಿತವಾಗಿಸಿ ಪುಸ್ತಕ ಬರೆದರು. ಟ್ರೂ-ಫಾಲ್ಸ್‌ಗಳನ್ನು ಇಂದಿಗೂ ಬೂಲಿಯನ್ ಎನ್ನುವುದು ಅವರಿಂದಾಗಿಯೇ. ಇಬ್ಬರೂ ನನ್ನ ಬಜೆಟ್ ಗಡುವಿನ ಬಗ್ಗೆ ಕಿಂಚಿತ್ತೂ ಯೋಚಿಸಿದಂತಿಲ್ಲ.

ಮರುದಿನ ಇನ್ನೊಂದು ಪಟ್ಟಿಯ ಅಪ್ಪಣೆಯಾದಾಗ ಮುನ್ನೆಚ್ಚರಿಕೆಯಿಂದ, “ಸರ್, ಇದು ನಿಜವಾದ ಮತ್ತೋ, ಬರಿಯ ಬಾಯಿಮಾತಿನ ಮತ್ತೋ?” ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನನ್ನ ಕಣ್ಣುಗಳನ್ನೇ ಕೊಂಚ ಹೊತ್ತು ಪರೀಕ್ಷಿಸಿ, “ಅದನ್ನು ನಾನು ನಿಮ್ಮನ್ನು ಕೇಳಬೇಕು” ಎಂದರು.