ಅವನನ್ನು ಕೂರಿಸಿ ತಿನ್ನಿಸಬೇಡಿ

ನಿನ್ನೆ ಕಾಸರಗೋಡಿನ ನೀರ್ಚಾಲಿನ ಹತ್ತಿರ ಒಂದು ಮನೆ ಒಕ್ಕಲಿಗೆ ಹೋಗಿದ್ದೆ. ಊಟದ ಹೊತ್ತು. ಹುಡುಗರೆಲ್ಲ ಬಡಿಸಲು ಓಡಾಡುತ್ತಿದ್ದರು. ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ ಸಾಂಬಾರಿನ ಬಕೆಟಿಗೆ ಕೈ ಹಾಕಿದ್ದೇ ತಡ, ನಾಲ್ಕು ಜನ ಒಟ್ಟಿಗೆ ಕೂಗಿದರು. "ನೀನು ಬೇಡ, ನಿನಗೆ ಹಾರ್ಟಿನ ಆಪರೇಷನ್ ಆದದ್ದಲ್ವಾ, ಕೂತ್ಕೋ." ಕೂರಿಸಿ ಅವನ ಎಲೆಗೆ ಮೂರನೇ ಹೋಳಿಗೆ ಹಾಕಿದರು. ಮೇಲೆ ಕಾಯಿಹಾಲು. ಅವನಿಗೆ ಈಗಲೇ ಹೊಟ್ಟೆ ಬಂದಿದೆ. ನನಗೆ ಮತ್ತೆ ಊಟ ಇಳಿಯಲಿಲ್ಲ.

ನನ್ನ ಎದೆಯ ಮೇಲೂ ಅಂಥದ್ದೇ ಆಪರೇಷನ್ನಿನ ಗೆರೆ ಇದೆ. ಅಳುವಾಗ ನೀಲಿಯಾಗುತ್ತಿದ್ದ ಮಗು ನಾನು. ನಾಲ್ಕು ಹೆಜ್ಜೆ ಓಡಿ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಟೆಟ್ರಾಲಜಿ ಆಫ್ ಫಾಲೋ ಅಂತ ಹೆಸರು, ಹುಟ್ಟಿನಿಂದಲೇ ಇರುವ ಹೃದಯದ ದೋಷ. ರಕ್ತದಲ್ಲಿ ಆಮ್ಲಜನಕ ಸಾಲದೆ ಮೈ ನೀಲಿಯಾಗುತ್ತದೆ. 1989ರಲ್ಲಿ, ಏಳನೇ ವರ್ಷದಲ್ಲಿ ಆಪರೇಷನ್ ಆಯಿತು. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿತ್ತು, ಇಲ್ಲಿಯ ಆರೋಗ್ಯದ ಬೋರ್ಡುಗಳು ಮಲಯಾಳದಲ್ಲಿ. ಕನ್ನಡದಲ್ಲಿ ನನ್ನ ಅಮ್ಮನಿಗೆ ತಲುಪಿದ್ದು ಎರಡೇ ಮಾತು: ಓಡಬಾರದು, ಭಾರ ಎತ್ತಬಾರದು. ಆ ಎರಡು ಮಾತನ್ನು ಅಮ್ಮ ಮೂವತ್ತು ವರ್ಷ ಪಾಲಿಸಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಯಿಂದಲೇ ಕೂರಿಸಿದಳು, ಪ್ರೀತಿಯಿಂದಲೇ ತಿನ್ನಿಸಿದಳು.

ಸಿಟ್ಟು ಇರುವುದು ಬೇರೆ ಕಡೆ. ಪ್ರತಿ ವರ್ಷ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆ. "ವಾಲ್ವ್ ಪರವಾಗಿಲ್ಲ, ಮುಂದಿನ ವರ್ಷ ಬನ್ನಿ." ಸಕ್ಕರೆ ನೋಡಿದ್ದೀರಾ ಅಂತ ಒಬ್ಬರೂ ಕೇಳಲಿಲ್ಲ. ಎರಡು ವರ್ಷದ ಹಿಂದೆ ಕಾಲಿನ ಗಾಯ ಒಣಗದೆ ನಾನೇ ಲ್ಯಾಬಿಗೆ ಹೋದೆ. ಖಾಲಿ ಹೊಟ್ಟೆಯ ಸಕ್ಕರೆ 138. 126 ಮುಟ್ಟಿದರೇ ಸಕ್ಕರೆ ಕಾಯಿಲೆ. ಕೆಟ್ಟ ಕೊಲೆಸ್ಟರಾಲ್ 162, ಅದೂ ಜಾಸ್ತಿ. ಆ ರಿಪೋರ್ಟು ಹಿಡಿದುಕೊಂಡು ಲ್ಯಾಬಿನ ಬೆಂಚಿನಲ್ಲಿ ಅತ್ತಿದ್ದೆ. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಹುಟ್ಟಿನಿಂದ ಹೃದಯದ ತೊಂದರೆ ಇದ್ದವರಿಗೆ ಇವೆಲ್ಲ ಬರುವುದಿಲ್ಲ ಅಂತ ಯಾರು ಹೇಳಿದರು? ಡೆನ್ಮಾರ್ಕಿನಲ್ಲಿ ಮೂವತ್ತು ದಾಟಿದ ನಮ್ಮಂಥವರನ್ನು ವರ್ಷಗಟ್ಟಲೆ ಗಮನಿಸಿ ನೋಡಿದ್ದಾರೆ. ಉಳಿದವರಿಗಿಂತ ನಮಗೆ ಸಕ್ಕರೆ ಕಾಯಿಲೆ ಜಾಸ್ತಿ. ನೀಲಿಯಾಗಿ ಹುಟ್ಟಿದವರಲ್ಲಿ ಇನ್ನೂ ಜಾಸ್ತಿ. ನಾವು ಇರುವುದು ಕೇರಳದಲ್ಲಿ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದಲ್ಲಿ ಇಲ್ಲಿಯ ದೊಡ್ಡವರಲ್ಲಿ ಶೇ. 25.5 ಜನರಿಗೆ ಸಕ್ಕರೆ ಕಾಯಿಲೆ. ಎದೆ ಹೊಲಿಸಿಕೊಂಡವನನ್ನು ಆ ಲೆಕ್ಕ ಬಿಟ್ಟು ಹೋಗುತ್ತದಾ?

ನೀಲಿ ಇರುವವರಿಗೆ ಕೊಲೆಸ್ಟರಾಲ್ ಕಮ್ಮಿ ಅಂತ ಒಬ್ಬ ಗೆಳೆಯ ವಾದ ಮಾಡಿದ. ನಿಜ, ಹಾಗೆ ಕಂಡುಬಂದಿದೆ. ಆದರೆ ಅದರಿಂದ ಸಕ್ಕರೆ ಇಳಿಯುವುದಿಲ್ಲ. ಅವರಲ್ಲಿ ರಕ್ತಕಣಗಳ ಲೆಕ್ಕವೇ ಬೇರೆ ಇರುವುದರಿಂದ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ (HbA1c) ತಪ್ಪು ತೋರಿಸಬಹುದು. ಅಂಥವರಿಗೆ ಖಾಲಿ ಹೊಟ್ಟೆಯ ಪರೀಕ್ಷೆಯೇ ಬೇಕು. ಇನ್ನು ಮಹಾಧಮನಿ ಕಿರಿದಾಗಿ ಹುಟ್ಟಿದವರು. ಸರಿಪಡಿಸಿದ ಮೇಲೂ ಅವರಲ್ಲಿ ಹಲವರಿಗೆ ಬಿಪಿ ಏರುತ್ತದೆ. ಮಹಾರಕ್ತನಾಳಗಳು ಅದಲುಬದಲಾಗಿದ್ದ ಹಲವರಲ್ಲಿ, ಆಪರೇಷನ್ ಮಾಡುವಾಗ ಹೃದಯಕ್ಕೆ ರಕ್ತ ಕೊಡುವ ಸಣ್ಣ ನಾಳಗಳನ್ನೇ ಬಿಡಿಸಿ ಮತ್ತೆ ಹೊಲಿದಿರುತ್ತಾರೆ. ಆ ನಾಳಗಳಲ್ಲಿ ಕೊಬ್ಬು ಕೂತರೆ ಗತಿ ಏನು?

"ಮೊದಲೇ ಹೆದರಿದವರನ್ನು ಇನ್ನೂ ಯಾಕೆ ಹೆದರಿಸ್ತೀರಿ" ಅಂತ ಕೇಳುವವರಿದ್ದಾರೆ. ಐದು ಎಂಎಲ್ ರಕ್ತ ಕೊಡುವುದರಲ್ಲಿ ಏನು ಹೆದರಿಕೆ? ನನಗೆ ಆಪರೇಷನ್ ಕೋಣೆ ಗೊತ್ತು. ಸೂಜಿ ಏನೂ ಅಲ್ಲ.

ನಾನು ಈಗ ದಿನಾ ನಲವತ್ತು ನಿಮಿಷ ನಡೆಯುತ್ತೇನೆ. ಹೃದಯದ ಡಾಕ್ಟರೇ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿ, ಇಷ್ಟು ಮಾಡಬಹುದು ಅಂದರು. ಎಷ್ಟು ಅನ್ನುವುದು ಒಬ್ಬೊಬ್ಬರಿಗೆ ಬೇರೆ, ಕೇಳಿಯೇ ಮಾಡಬೇಕು. ಆದರೆ ಕೇಳಬೇಕಲ್ವಾ! ನನ್ನ ಮೂವತ್ತು ವರ್ಷ ಯಾರೂ ಕೇಳದೆ ಸುಮ್ನೆ ಕೂತು ಹೋಯಿತು. 2017ರಿಂದ ಕೇರಳದಲ್ಲಿ ಹೃದ್ಯಂ ಯೋಜನೆ ಇದೆ, ಹುಟ್ಟಿನಿಂದ ಹೃದಯದ ತೊಂದರೆ ಇರುವ 18ರ ಒಳಗಿನ ಮಕ್ಕಳ ಚಿಕಿತ್ಸೆಗೆ. ಎಷ್ಟೋ ಮಕ್ಕಳು ಉಳಿದಿದ್ದಾರೆ, ಸಂತೋಷ. ಆ ಮಕ್ಕಳಿಗೂ ನಾಳೆ ನಲವತ್ತಾಗುತ್ತದೆ. ಅವರ ಅಮ್ಮಂದಿರಿಗೆ ಈಗಲೇ ಯಾರಾದರೂ ಕನ್ನಡದಲ್ಲಿ ಹೇಳಿ.

ಕೈ ತೊಳೆಯುವಲ್ಲಿ ಆ ಹುಡುಗನನ್ನು ಕೇಳಿದೆ, ಸಕ್ಕರೆ ಯಾವಾಗ ನೋಡಿಸಿದ್ದು ಅಂತ. "ಇಲ್ಲ ಅಣ್ಣಾ, ಎಕೋ ಸರಿ ಇದೆಯಲ್ಲ" ಅಂದ. ಸೋಮವಾರ ಬೆಳಿಗ್ಗೆ ಏಳಕ್ಕೆ ಬದಿಯಡ್ಕ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ ಅಂದಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಬಾ, ನೀರು ಕುಡಿಯಬಹುದು.