ಮುಖ ನೋಡಿದ್ದಾಯ್ತು, ಹೊಟ್ಟೆ ಯಾವಾಗ ತೋರಿಸ್ತೀರಿ?

ಮಹೀಂದ್ರಾದವ್ರು 2025ರ ಆಗಸ್ಟ್ 15ಕ್ಕೆ ಮುಂಬೈಯಲ್ಲಿ ನಾಲ್ಕು ಕಾನ್ಸೆಪ್ಟ್ ಗಾಡಿ (ಮಾರೂಕಲ್ಲ, ತೋರಿಸೂಕೆ ಮಾಡಿದ ಮಾದರಿ) ತೋರಿಸಿದ್ರಲ್ಲ, ವಿಷನ್ ಟಿ, ವಿಷನ್ ಎಸ್, ವಿಷನ್ ಎಕ್ಸ್, ವಿಷನ್ ಎಸ್‌ಎಕ್ಸ್‌ಟಿ ಅಂತ, ಅವತ್ತಿಂದ ನಮ್ಮ ಶಿರಸಿ ಸಿದ್ದಾಪುರ ಕಡೆ ವಾಟ್ಸಾಪ್ ಗ್ರೂಪಲ್ಲಿ ಅಡಿಕೆ ರೇಟ್ ಬಿಟ್ರೆ ಇದೇ ಸುದ್ದಿ. ಅದ್ರಲ್ಲೂ ಆ ವಿಷನ್ ಟಿ. ಚೌಕ ಮೈ, ನೆಟ್ಟಗೆ ನಿಂತ ಮೂಗು, ಉಬ್ಬಿದ ಮಡ್‌ಗಾರ್ಡು, ನೋಡಿದ ಕೂಡ್ಲೇ ಥಾರ್ ವಂಶದ್ದು ಅಂತ ಗೊತ್ತಾಗೋ ಹಾಗೆ ಮಾಡಿದಾರೆ. ಎಸ್‌ಎಕ್ಸ್‌ಟಿ ಅಂದ್ರೆ ಅದೇ ಮುಖಕ್ಕೆ ಹಿಂದ್ಗಡೆ ಪಿಕಪ್ ತರ ತೆರೆದ ಜಾಗ, ಅದ್ರಲ್ಲಿ ಎರಡು ಸ್ಟೆಪ್ನಿ. ತಯಾರಾಗಿ ಬರೋದು 2027ರಿಂದ ಅಂತ ಕಂಪನಿಯೇ ಹೇಳಿದೆ, ಆದ್ರೆ ನಮ್ ಭಾವ ಒಬ್ಬನಿಗೆ ಅಲ್ಲೀವರೆಗೆ ತಡೆಯೂಕೆ ಆಗ್ತಾ ಇಲ್ಲ, "ಇದು ಅಡ್ಡಿಲ್ಯನ? ಬುಕ್ ಮಾಡ್ಲಕ್ಕಾ?" ಅಂತ ಈಗ್ಲೇ ಶುರು ಹಚ್ಚಿದಾನೆ.

ನಾನು ಹೇಳೋದು ಇಷ್ಟೇ, ಇವ್ರು ತೋರಿಸಿದ್ದೆಲ್ಲ ಮುಖ ಮಾತ್ರ. ನಮ್ ಕಡೆ ರಸ್ತೆಗೆ ಬೇಕಾಗೋದು ಗಾಡಿ ಹೊಟ್ಟೆ ಕೆಳಗಿರ್ತದೆ. ಅಲ್ಲಿ ಲೋ ಗೇರ್ (ಸ್ಪೀಡ್ ಇಳಿಸಿ ಎಳೆತ ಹೆಚ್ಚಿಸೋ ಇನ್ನೊಂದು ಗೇರ್ ಜೋಡಿ) ಉಂಟಾ, ಲಾಕರ್ (ಎಡ ಬಲ ಗಾಲಿ ಒಟ್ಟಿಗೇ ತಿರುಗೋ ಹಾಗೆ ಕಟ್ಟೋದು) ಉಂಟಾ, ಇವೆರಡು ಗೊತ್ತಾಗೋವರೆಗೆ ಇದು ಆಫ್‌ರೋಡ್ ಗಾಡಿ ಹೌದೋ ಅಲ್ವೋ ಅನ್ನೋ ಚರ್ಚೆಗೇ ಅರ್ಥ ಇಲ್ಲ.

ಈಗ ಗೊತ್ತಿರೋದು ಏನಂದ್ರೆ ಈ ನಾಲ್ಕೂ ಗಾಡಿ ಎನ್‌ಯು ಐಕ್ಯೂ ಅನ್ನೋ ಹೊಸ ಪ್ಲಾಟ್‌ಫಾರ್ಮ್ ಮೇಲೆ ಬರ್ತವೆ, ಅದು ಮೊನೊಕಾಕ್. ಅಂದ್ರೆ ಬೇರೆ ಚಾಸಿ ಇಲ್ಲ, ಬಾಡಿನೇ ಚಾಸಿ. ಈಗಿನ ಥಾರ್, ಐದು ಬಾಗಿಲ ಥಾರ್ ರಾಕ್ಸ್, ಮಾರುತಿ ಜಿಮ್ನಿ, ಫೋರ್ಸ್ ಗೂರ್ಖಾ ಎಲ್ಲ ಲ್ಯಾಡರ್ ಚಾಸಿ, ಕೆಳಗೆ ಎರಡು ಉದ್ದ ಕಬ್ಬಿಣದ ತೊಲೆ, ಮಧ್ಯ ಅಡ್ಡಪಟ್ಟಿ, ಅದ್ರ ಮೇಲೆ ಬಾಡಿ ಕೂರ್ಸಿ ಬೋಲ್ಟ್ ಹೊಡೆದಿರ್ತಾರೆ. ಹಾಗಾಗಿ ಗ್ರೂಪಲ್ಲಿ ಒಂದಿಷ್ಟು ಜನ ಮೊನೊಕಾಕ್ ಅಂದ ಕೂಡ್ಲೇ "ಹಂಗಾರೆ ಅದು ಕಾರು ಬಿಡಿ" ಅಂತ ಮುಗಿಸೇಬಿಟ್ರು. ಅದೂ ಸರಿ ಅಲ್ಲ. ಈಗಿನ ಲ್ಯಾಂಡ್ ರೋವರ್ ಡಿಫೆಂಡರ್ ಮೊನೊಕಾಕೇ, ಅಲ್ಯೂಮಿನಿಯಂದು, 3,500 ಕೆಜಿ ಟ್ರೇಲರ್ ಎಳೀತದೆ, ಆದ್ರೆ ಅದಕ್ಕೆ ಲೋ ಗೇರ್ ಕೊಟ್ಟಿದಾರೆ, ಅದು ಮುಖ್ಯ. ಇನ್ನು ನಮ್ಮಲ್ಲಿ 2014ರಲ್ಲಿ ಬಂದ ರೆನೋ ಡಸ್ಟರ್ ಆಲ್ ವೀಲ್ ಡ್ರೈವ್ ಇತ್ತಲ್ಲ, ಅದಕ್ಕೆ ಲೋ ಗೇರ್ ಇರ್ಲಿಲ್ಲ, ಬದಲಿಗೆ ಫಸ್ಟ್ ಗೇರನ್ನೇ ಸಿಕ್ಕಾಪಟ್ಟೆ ಗಿಡ್ಡ (ಸ್ಪೀಡ್ ಕಮ್ಮಿ, ಎಳೆತ ಜಾಸ್ತಿ) ಮಾಡಿ ಇಟ್ಟಿದ್ರು, ಅದ್ರಲ್ಲೇ ಜನ ಎಂತೆಂತಾ ಕಡೆ ಹೋಗಿ ಬಂದಿದಾರೆ. ಘಾಟಿ ವಿಷಯಕ್ಕೆ ಬಂದ್ರೂ ಮೊನೊಕಾಕ್ ಲಾಯ್ಕೇ. ದೇವಿಮನೆ ಘಾಟಿ ಇಳಿಯುವಾಗ ಹಳೇ ಚಾಸಿ ಗಾಡಿ ತಿರುವಲ್ಲಿ ಹೇಗೆ ಓಲಾಡ್ತದೆ ಅಂತ ಹಿಂದೆ ಕೂತು ವಾಂತಿ ಮಾಡ್ಕೊಂಡವ್ರನ್ನ ಕೇಳಿ.

ಅಲ್ಲಿಗೆ ಚಾಸಿ ಇಲ್ಲ ಅಂತ ನಂಗೇನು ದೊಡ್ಡ ದುಃಖ ಇಲ್ಲ. ದುಃಖ ಬೇರೆ ಕಡೆ ಇದೆ.

ನಮ್ ಕಡೆ ಮನೆ ದಾರಿ ಹೇಗಿರ್ತದೆ ಅಂತ ಗೊತ್ತಿಲ್ಲದವ್ರಿಗೆ ಹೇಳ್ತೇನೆ. ಡಾಂಬರು ರಸ್ತೆ ಬಿಟ್ಟು ಬೆಟ್ಟದ ಬದಿಗೆ ಇಳಿದ್ರೆ ಕೆಂಪು ಮಣ್ಣು, ನಡುವೆ ಚಿರೆಕಲ್ಲಿನ ಹಾಸು, ತೋಟ ತಗ್ಗಲ್ಲಿ ಇರೋದ್ರಿಂದ ದಾರಿ ಕೆಳಗೇ ಇಳೀತಾ ಹೋಗ್ತದೆ. ಜೂನ್ ಶುರುವಾದ ಮೇಲೆ ಮಳೆ ನೀರು ಅದೇ ದಾರಿಲೇ ಹರಿದು ಅಡ್ಡಡ್ಡ ಕೊರಕಲು ಮಾಡ್ತದೆ. ನೇರ ಅಡ್ಡ ಇದ್ರೆ ಪರವಾಗಿಲ್ಲ, ಎರಡೂ ಗಾಲಿ ಒಟ್ಟಿಗೆ ಇಳಿದು ಒಟ್ಟಿಗೆ ಹತ್ತುತ್ತವೆ. ಇದು ಓರೆಯಾಗಿ ಕೊರೀತದೆ. ಮುಂದಿನ ಎಡ ಗಾಲಿ ಗುಂಡಿಗಿಳೀತು ಅನ್ನುವಾಗ ಹಿಂದಿನ ಬಲ ಗಾಲಿ ಹಗೂರಕ್ಕೆ ಮೇಲೆದ್ದು ಗಾಳಿಲಿ ನಿಲ್ತದೆ. ಆಕ್ಸಲರೇಟರ್ ಒತ್ತಿದ್ರೆ ಆ ಗಾಳಿಲಿರೋ ಗಾಲಿ ಗರಗರ ತಿರುಗ್ತದೆ, ನೆಲದಲ್ಲಿರೋ ಗಾಲಿ ಸುಮ್ನೆ ಕೂತಿರ್ತದೆ. ತಿರುವಲ್ಲಿ ಎರಡು ಗಾಲಿ ಬೇರೆ ಬೇರೆ ಸ್ಪೀಡಲ್ಲಿ ತಿರುಗ್ಲಿ ಅಂತ ನಡುವೆ ಇಟ್ಟ ಡಿಫರೆನ್ಷಿಯಲ್ ಅನ್ನೋ ಗೇರಿನ ಗುಣವೇ ಅದು, ಯಾವ ಗಾಲಿ ಸಲೀಸಾಗಿ ತಿರುಗ್ತದೋ ಅದನ್ನ ತಿರುಗಿಸೋದು. ಮೇಲೆ ಮಳೆ ಬಿದ್ದ ಕೆಂಪು ಮಣ್ಣು ಬೇರೆ, ಸೋಪು ಹಚ್ಚಿದ ಹಾಗೆ. ಇಂತಾ ಕಡೆ "ನಾಲ್ಕು ಗಾಲಿಗೂ ಪವರ್" ಅಂತ ಬರೆದ ಸ್ಟಿಕ್ಕರ್ ಏನೂ ಮಾಡೂದಿಲ್ಲ, ಮುಂದೊಂದು ಹಿಂದೊಂದು ಗಾಲಿ ತಿರುಗಿದ್ರೂ ಗಾಡಿ ಅಲ್ಲೇ.

ಇದಕ್ಕೆ ಎರಡು ಮದ್ದು. ಒಂದು, ತಿರುಗೋ ಗಾಲಿಗೆ ಕಂಪ್ಯೂಟರ್ ತಾನೇ ಬ್ರೇಕ್ ಹಾಕಿ ಪವರನ್ನ ಆಚೆ ಗಾಲಿಗೆ ದೂಡೋದು, ಜಿಮ್ನಿಯಲ್ಲಿರೋದು ಇದು. ಕೆಲಸ ಮಾಡ್ತದೆ, ಆದ್ರೆ ಗಾಲಿ ಸ್ವಲ್ಪ ಸ್ಲಿಪ್ ಆದ ಮೇಲೇ ಅದಕ್ಕೆ ಎಚ್ಚರ ಆಗೋದು, ಕಾಲು ತೆಗೀದೆ ಒತ್ತಿ ಹಿಡೀಬೇಕು, ಗೊತ್ತಿಲ್ಲದವ್ರು ಹೆದರಿ ಕಾಲು ತೆಗೀತಾರೆ, ಅಲ್ಲಿಗೆ ಮುಗೀತು. ಇನ್ನೊಂದು ಲಾಕರ್, ಎರಡೂ ಗಾಲಿನ ಒಂದೇ ಕಂಬಿ ತರ ಕಟ್ಟಿಹಾಕೋದು. ಥಾರ್ ರಾಕ್ಸ್ ಫೋರ್ ಬೈ ಫೋರಲ್ಲಿ ಹಿಂದ್ಗಡೆಗೆ ಇದೆ, ಗೂರ್ಖಾಕ್ಕೆ ಮುಂದೆ ಹಿಂದೆ ಎರಡಕ್ಕೂ ಕಂಪನಿಯಿಂದಲೇ ಬರ್ತದೆ. ಗೂರ್ಖಾ ನೋಡೂಕೆ ಆಂಬುಲೆನ್ಸ್ ತರ ಇದೆ ಅಂತ ನಗಾಡೋವ್ರು ಈ ಒಂದು ವಿಷಯ ನೆನಪಿಟ್ಕೊಳಿ.

ಲೋ ಗೇರ್ ಅಂತೂ ಬೇಕೇ ಬೇಕು. ಜಿಮ್ನಿ ಎಂಜಿನ್ ಟಾರ್ಕ್ (ತಿರುಗಿಸೋ ಶಕ್ತಿ) ಬರೀ 134 ಎನ್‌ಎಂ, ಕಾಗದದ ಮೇಲೆ ಎಂತದೂ ಅಲ್ಲ. ಆದ್ರೆ ಲೋ ಗೇರಿಗೆ ಹಾಕಿದ್ರೆ ಅದು ಸುಮಾರು ಎರಡು ಪಟ್ಟಾಗಿ ಗಾಲಿಗೆ ಮುಟ್ತದೆ, ಗಾಡಿ ತೂಕ 1,200 ಕೆಜಿ ಹತ್ತಿರ ಅಷ್ಟೇ, ನಡಿಗೆ ಸ್ಪೀಡಲ್ಲಿ ಕ್ಲಚ್ ಸುಡದೆ ಹತ್ತುತ್ತದೆ. ಇಳಿಯುವಾಗಂತೂ ಇನ್ನೂ ಉಪಕಾರ, ಬ್ರೇಕ್ ಮುಟ್ಟದೆ ಎಂಜಿನ್ನೇ ಗಾಡಿನ ಹಿಡ್ಕೊಂಡು ಇಳಿಸ್ತದೆ. ಹಳೇ ಎಂಎಂ 540 ಜೀಪು ಇವತ್ತಿಗೂ ನಮ್ ಹಳ್ಳಿಗಳಲ್ಲಿ ಅಡಿಕೆ ಮೂಟೆ, ಗೊಬ್ಬರ, ಮದುವೆ ಪಾತ್ರೆ ಹೊತ್ಕೊಂಡು ಓಡಾಡ್ತಾ ಇರೋದು ಎಂಜಿನ್ ದೊಡ್ಡದು ಅಂತ ಅಲ್ಲವಲ್ಲ, ಲೋ ಗೇರ್ ಹಾಕೋ ಆ ಚಿಕ್ಕ ಲಿವರ್ ಇರೋದಕ್ಕೆ. ಹೊಸ ಪ್ಲಾಟ್‌ಫಾರ್ಮಿಗೆ ಫ್ರಂಟ್ ವೀಲ್ ಡ್ರೈವ್ ಮತ್ತೆ ಆಲ್ ವೀಲ್ ಡ್ರೈವ್ ಎರಡೂ ಆಗ್ತದೆ ಅಂತ ಹೇಳಿದಾರೆ. ಇಂತಾ ಗಾಡಿಲಿ ಸಾಮಾನ್ಯವಾಗಿ ಮುಂದಿನ ಗಾಲಿಗೇ ಪವರ್, ಹಿಂದಿನದಕ್ಕೆ ಬೇಕಾದಾಗ ಒಂದು ಕ್ಲಚ್ ಜೋಡಿಸ್ತದೆ. ಅದು ಹಿಮ, ತೆಳು ಮರಳು, ಒದ್ದೆ ಹುಲ್ಲಿಗೆ ಸಾಕು. ಏರಲ್ಲಿ ರಾಡಿಲಿ ಹತ್ತು ನಿಮಿಷ ಗುದ್ದಾಡಿದ್ರೆ ಆ ಕ್ಲಚ್ ಬಿಸಿಯಾಗಿ ಕೈ ಬಿಡೋದೂ ಉಂಟು.

ಇನ್ನು ಸ್ಪೈ ಫೋಟೋ. ಟೆಸ್ಟಿಂಗ್ ಗಾಡಿಗೆ ಕಪ್ಪು ಬಿಳಿ ಸ್ಟಿಕ್ಕರ್ ಸುತ್ತಿ ಓಡಿಸ್ತಾರೆ, ಜನ ಅದ್ರ ಲೈಟ್ ಹೇಗಿದೆ, ಸನ್‌ರೂಫ್ ಉಂಟಾ ಅಂತ ಝೂಮ್ ಮಾಡ್ತಾರೆ. ಸ್ಟಿಕ್ಕರ್ ಮೈಗೆ ಮಾತ್ರ, ಹೊಟ್ಟೆಗೆ ಯಾರೂ ಸುತ್ತೂದಿಲ್ಲ. ಹಿಂದಿಂದ ತೆಗೆದ ಫೋಟೋ ಸಿಕ್ರೆ ಬಂಪರ್ ಕೆಳಗೆ ನೋಡಿ. ಗಾಲಿಯಿಂದ ಗಾಲಿಗೆ ಒಂದೇ ದಪ್ಪ ಕೊಳವೆ, ಮಧ್ಯ ಡಿಫರೆನ್ಷಿಯಲ್ ಕೂತ ಗುಂಡಗಿನ ಹೌಸಿಂಗ್ ಕಂಡ್ರೆ ಅದು ನಮ್ ಜೀಪಿನ ತರದ ಗಟ್ಟಿ ಆಕ್ಸಲ್. ಹೌಸಿಂಗ್ ಮೇಲ್ಗಡೆ ಗಾಡಿ ಮೈಗೆ ಅಂಟ್ಕೊಂಡು, ಎರಡೂ ಕಡೆಗೆ ತೆಳ್ಳಗೆ ಶಾಫ್ಟ್ ಹೋಗಿದ್ರೆ ಇಂಡಿಪೆಂಡೆಂಟ್ (ಎರಡೂ ಗಾಲಿ ಬೇರೆ ಬೇರೆಯಾಗಿ ಏರಿಳಿಯೋದು), ಹಿಂದಿನ ಗಾಲಿಗೂ ಪವರ್ ಇದೆ ಅಂತ ಆಯ್ತು. ಶಾಫ್ಟೇ ಇಲ್ದೆ ಬರೀ ಅಡ್ಡ ಪಟ್ಟಿ ಕಂಡ್ರೆ ಅದು ಫ್ರಂಟ್ ವೀಲ್ ಡ್ರೈವ್, ಮೇಲೆ ಎಂತಾ ಜೀಪಿನ ವೇಷ ಇದ್ರೂ ಅಷ್ಟೇ. ಇಂಡಿಪೆಂಡೆಂಟ್ ಗಾಡಿಲಿ ಇನ್ನೊಂದು ವಿಷಯ ಉಂಟು, ಐದು ಜನ ಕೂತು ಹಿಂದೆ ಮೂಟೆ ಹಾಕಿದ್ರೆ ಹೊಟ್ಟೆ ಪೂರ್ತಿ ಕೆಳಗೆ ಬರ್ತದೆ, ಕಂಪನಿ ಹೇಳಿದ ಗ್ರೌಂಡ್ ಕ್ಲಿಯರೆನ್ಸ್ ಖಾಲಿ ಗಾಡಿದಾ ತುಂಬಿದ ಗಾಡಿದಾ ಅಂತ ಕೇಳ್ಬೇಕು. ಗಟ್ಟಿ ಆಕ್ಸಲಲ್ಲಿ ಹೌಸಿಂಗ್ ಇದ್ದಲ್ಲೇ ಇರ್ತದೆ.

ಉದ್ದ ಅಗಲನೂ ನೋಡಿ. ಮೂರು ಬಾಗಿಲ ಥಾರ್ ವೀಲ್‌ಬೇಸ್ 2,450 ಮಿಮೀ, ರಾಕ್ಸಿದ್ದು 2,850, ಅಂದ್ರೆ ಮುಂದಿನ ಹಿಂದಿನ ಗಾಲಿ ನಡುವಿನ ದೂರ ಅಷ್ಟು ಜಾಸ್ತಿ. ಒಳಗೆ ಆರಾಮ, ಆದ್ರೆ ದಿಬ್ಬ ದಾಟುವಾಗ ನಡು ತಾಗೋ ಕೋನ ರಾಕ್ಸಲ್ಲಿ 23.9 ಡಿಗ್ರಿಗೆ ಬಂದು ನಿಂತಿದೆ. ಅಗಲ ರಾಕ್ಸು 1,870, ಜಿಮ್ನಿ 1,645. ಎರಡೂ ಕಡೆ ಚಿರೆಕಲ್ಲು ಪಾಗಾರ ಇರೋ ನಮ್ ದಾರಿಲಿ ಈ 225 ಮಿಮೀ ಅಂದ್ರೆ ಎರಡೂ ಕನ್ನಡಿ ಉಳಿಯೋದು ಹೋಗೋದರ ಲೆಕ್ಕ. ಟೈರೂ ಹಾಗೇ, ಕಾನ್ಸೆಪ್ಟ್ ಗಾಡಿಗೆ ಹಾಕಿದ ದೊಡ್ಡ ದೊಡ್ಡ ರಿಮ್ ಫೋಟೋಕ್ಕೆ ಚಂದ, ಚಿರೆಕಲ್ಲಿನ ಅಂಚು ಒಮ್ಮೆ ಟೈರಿನ ಸೈಡಿಗೆ ತಾಗಿದ್ರೆ ಪಂಚರ್ ಅಂಗಡಿಯವ ಕೈ ಮುಗೀತಾನೆ, ಹೊಸದೇ ಗತಿ. ಜಿಮ್ನಿಗೆ ಕೊಟ್ಟ 195/80 ಆರ್ 15 ಸಪೂರ ಕಂಡ್ರೂ ಸೈಡು ಎತ್ತರ ಇದೆ, ಗಾಳಿ ಇಳಿಸಿದ್ರೆ ಹಿಡಿತ ಬರ್ತದೆ.

ನೀರಿನ ವಿಷಯ ಜಾಸ್ತಿ ಹೇಳೂದಿಲ್ಲ. ದಾಟಬಹುದಾದ ನೀರಿನ ಆಳ ಥಾರಿಗೆ 650 ಮಿಮೀ, ಸ್ನಾರ್ಕೆಲ್ (ಎಂಜಿನ್ನಿಗೆ ಮೇಲಿಂದ ಗಾಳಿ ಎಳೆಯೋ ಕೊಳವೆ) ಇರೋ ಗೂರ್ಖಾಕ್ಕೆ 700 ಅಂತ ಕಂಪನಿ ಕೊಡ್ತದೆ, ಆದ್ರೆ ಅದು ನಿಂತ ನೀರಿಗೆ, ಜುಲೈಲಿ ಹರಿಯೋ ಹಳ್ಳಕ್ಕೆ ಅಲ್ಲ. ಮೊಣಕಾಲು ಮುಳುಗೋ ನೀರು ರಭಸವಾಗಿ ಹರೀತಾ ಇದ್ರೆ ಗಾಡಿ ಒಯ್ಯೂಕೆ ಅಷ್ಟೇ ಸಾಕು.

ಕಾರವಾರ, ಅಂಕೋಲಾ, ಹೊನ್ನಾವರದವ್ರಿಗೆ ಬೇರೆಯದೇ ಚಿಂತೆ, ತುಕ್ಕು. ಉಪ್ಪು ಗಾಳಿಗೆ ಬಾಗಿಲ ಅಡಿ, ಬೋಲ್ಟು, ಸೈಲೆನ್ಸರ್ ಎಲ್ಲ ತಿಂದು ಹೋಗ್ತದೆ. ಲ್ಯಾಡರ್ ಚಾಸಿ ತುಕ್ಕು ಹಿಡಿದ್ರೆ ವೆಲ್ಡಿಂಗ್ ಹಾಕಿ ಪಟ್ಟಿ ಕೊಟ್ಟು ನಮ್ ಮೇಸ್ತ್ರಿಗಳು ಹೇಗೋ ಮತ್ತೆ ನಿಲ್ಲಿಸ್ತಾರೆ. ಮೊನೊಕಾಕಲ್ಲಿ ತೆಳು ತಗಡಿನ ಒಳಪದರಕ್ಕೆ ತುಕ್ಕು ಇಳಿದ್ರೆ ಹೊರಗೆ ಗೊತ್ತಾಗೋ ಹೊತ್ತಿಗೆ ತಡ ಆಗಿರ್ತದೆ. ಹೊಟ್ಟೆಗೆ ಕೋಟಿಂಗ್ ಎಷ್ಟು, ನೀರು ಬಸಿಯೋ ತೂತು ಎಲ್ಲಿ, ತುಕ್ಕಿಗೆ ಎಷ್ಟು ವರ್ಷ ವಾರಂಟಿ, ಇದನ್ನ ಕರಾವಳಿಯವ್ರು ಕೇಳ್ಲೇಬೇಕು. ಮತ್ತೆ ಫೋರ್ ವೀಲ್ ಇದೆ ಅಂತ ಬೀಚಿಗೆ ನುಗ್ಗೋ ಹುಡುಗ್ರೇ, ಕಾಸರಕೋಡು ಕಡೆ ಮರಳಲ್ಲಿ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡ್ತವೆ, ರೀಲ್ಸ್ ಬೇರೆ ಕಡೆ ಮಾಡಿ.

ನಂಗೆ ಅನುಮಾನ ಇರೋದು ಜಿಎಸ್‌ಟಿ ಲೆಕ್ಕದ್ದು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿದ್ದು ಪೆಟ್ರೋಲ್ 1,200 ಸಿಸಿ, ಡೀಸೆಲ್ 1,500 ಸಿಸಿ ಒಳಗಿದ್ರೆ 18 ಪರ್ಸೆಂಟ್, ಮೀರಿದ್ರೆ 40. ಜಿಮ್ನಿ ಗಿಡ್ಡ ಇದ್ರೂ ಪೆಟ್ರೋಲ್ 1.5 ಆಗಿದ್ದಕ್ಕೆ 40ಕ್ಕೇ ಸಿಕ್ಕಾಕೊಂಡಿದೆ. ಹಾಗಾಗಿ ಯಾವ ಕಂಪನಿ ಆದ್ರೂ ಚಿಕ್ಕ ಎಂಜಿನ್ ಕಡೆಗೇ ಹೋಗೋದು. ಚಿಕ್ಕ ಎಂಜಿನ್ನಿಗೇ ಲೋ ಗೇರ್ ಜಾಸ್ತಿ ಬೇಕಾಗೋದು, ಆದ್ರೆ ರೇಟ್ ಇಳಿಸೂಕೆ ಮೊದ್ಲು ತೆಗೆಯೋದೂ ಅದನ್ನೇ. 2023ರ ಜನವರಿಯಲ್ಲಿ ಟೂ ವೀಲ್ ಡ್ರೈವ್ ಥಾರ್ ಬಂತಲ್ಲ, ಮುಖ ಅದೇ, ಹೆಸರು ಅದೇ, ಜನ ಮುಗಿಬಿದ್ದು ತಗೊಂಡ್ರು. ಮುಖಕ್ಕೇ ದುಡ್ಡು ಹುಟ್ತದೆ ಅಂತ ಗೊತ್ತಾದ ಮೇಲೆ ಕಂಪನಿಯವ್ರು ಹೊಟ್ಟೆಗೆ ಯಾಕೆ ಖರ್ಚು ಮಾಡ್ತಾರೆ ಹೇಳಿ?

ಪೇಟೆಲಿ ಓಡಾಡಿ ತಿಂಗಳಿಗೊಮ್ಮೆ ಯಾಣಕ್ಕೋ ಗೋಕರ್ಣಕ್ಕೋ ಹೋಗೋರಿಗೆ ಈ ಗಾಡಿ ಬಹುಶಃ ಈಗಿನ ಥಾರಿಗಿಂತ ಲಾಯ್ಕಾಗ್ತದೆ, ಕಣ್ಣು ಮುಚ್ಚಿ ತಗೊಳಿ. ಭಾವನ ಮನೆ ದಾರಿ ಅಂತದ್ದಲ್ಲ. ಅವನಿಗೆ ನಾನು ಹೇಳಿದ್ದು, ಗಾಡಿ ಹುಬ್ಬಳ್ಳಿ ಶೋರೂಮಿಗೆ ಬಂದಾಗ ಹಳೇ ಪಂಚೆ ಒಂದು ತಗೊಂಡು ಹೋಗು, ನೆಲಕ್ಕೆ ಹಾಸಿ ಗಾಡಿ ಅಡಿಗೆ ಮಲಗಿ ನೋಡು, ಎಳೆಯೋ ಕೊಕ್ಕೆ ಯಾವುದಕ್ಕೆ ಸಿಗಿಸಿದಾರೆ, ಎಣ್ಣೆ ಚೇಂಬರಿಗೆ ಕೆಳಗೆ ಕಬ್ಬಿಣದ ಪ್ಲೇಟ್ ಉಂಟಾ ಬರೀ ಪ್ಲಾಸ್ಟಿಕ್ಕಾ. ಸೇಲ್ಸ್ ಹುಡುಗ "ಎಲ್ಲಾ ಇದೆ ಸರ್, ಮಡ್ ಮೋಡ್, ಸ್ಯಾಂಡ್ ಮೋಡ್" ಅಂತ ಸ್ಕ್ರೀನ್ ಒತ್ತೂಕೆ ಶುರು ಮಾಡ್ತಾನೆ. ಅದೆಲ್ಲ ಇರ್ಲಿ ತಮ್ಮಾ, ಲೋ ಗೇರ್ ಎಲ್ಲಿ ಹಾಕೋದು ತೋರ್ಸು ಅಂತ ಕೇಳು. ತೋರ್ಸಿದ್ರೆ ಅಲ್ಲೇ ನಿಂತು ನಂಗೊಂದು ಫೋನ್ ಮಾಡು, ಅಲ್ಲೀವರೆಗೆ ಮನೆಲಿರೋ ಜೀಪಿನ ಎಫ್‌ಸಿ ಮಾಡಿಸ್ಕೊಂಡು ಇಟ್ಕೊ.